ಫ್ಲ್ಯಾಶ್ ಆರಿಸಿ ತೆಗೆದ ಐದು ಫೋಟೋ

ಆ ಓಣಿಯಲ್ಲಿ ಒಂದು ಬಾವಿ ಇದೆ. ಈಗಲೂ ಇದೆ. ನೀರು ಬತ್ತಿ ಎಷ್ಟೋ ವರ್ಷ ಆಯ್ತು. ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ. ಕಡೇ ಬಸ್ಸಿಳಿದು ನಮ್ಮ ಅಕ್ಕನ ಮನೆಗೆ ಹೋಗಬೇಕಾದ್ರೆ ಆ ಬಾವಿ ದಾಟಿಯೇ ಹೋಗಬೇಕು, ಬೇರೆ ದಾರಿ ಇಲ್ಲ. ಆವತ್ತು ರಾತ್ರಿ ಹನ್ನೊಂದು ದಾಟಿತ್ತು. ನಮ್ಮ ಭಾವ ಒಬ್ಬರೇ ನಡ್ಕೊಂಡು ಬರ್ತಾ ಇದ್ರು. ಬಾವಿಕಟ್ಟೆ ಹತ್ರ ಬಂದಾಗ ಒಂದು ಸದ್ದು ಕೇಳ್ತು.

ಫಟ್...

ಕೊಡೆ ಬಿಚ್ಚಿದ ಸದ್ದು. ಬೇರೆ ಯಾವುದೂ ಅಲ್ಲ. ಬಟ್ಟೆ ಒಮ್ಮೆಗೇ ಬಿಗಿದುಕೊಳ್ಳುತ್ತಲ್ಲ, ಅದೇ.

ಮೋಡ ಇಲ್ಲ, ಮಳೆ ಇಲ್ಲ. ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಭಾವ ನಿಂತ್ರು. ಆಮೇಲೆ ಇನ್ನೊಂದು ಸದ್ದು... ಜರ್ರ್... ಜರ್ರ್... ಒಣ ಮರಳು ಬಿಗಿದ ಬಟ್ಟೆ ಮೇಲೆ ಉದುರಿದ ಹಾಗೆ.

ಹೆದರಿಕೆ ಆಯ್ತಾ ಭಾವ ಅಂತ ನಾನು ಆಮೇಲೆ ಕೇಳಿದೆ. "ಹೆದರಬೇಕು ಅಂತ ನೆನಪಾಯ್ತು. ಆದ್ರೆ ಬರಲಿಲ್ಲ" ಅಂದ್ರು.

ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನನಗೆ ಆ ಊರಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು, ರೂಮು ಸಿಗೋವರೆಗೆ ಅಕ್ಕನ ಮನೆಯಲ್ಲೇ ಇದ್ದೆ. ಆ ರಾತ್ರಿಯೂ ಇದ್ದೆ.

ಆ ಕೊಡೆ ಸದ್ದು ಅವರಿಗೆ ಯಾಕೆ ಹಾಗೆ ಗುರುತು ಸಿಕ್ತು ಅಂತ ಹೇಳಬೇಕು. ಭಾವನದು ಹಳೇ ಕಟ್ಟಡಗಳ ತಪಾಸಣೆ ಕೆಲಸ, ಪುರಸಭೆಯಲ್ಲಿ. ಗೋಡೆ ನೋಡೋದು, ಬಿರುಕು ಹುಡುಕೋದು, ಫೋಟೋ ತೆಗೆದು ವರದಿ ಬರೆಯೋದು. ನಮ್ಮ ಕಡೆ ಮಕ್ಕಳೆಲ್ಲ ಅವರನ್ನ ಬಿರುಕು ಮಾಮ ಅಂತಲೇ ಕರೀತಿದ್ವು. ಮದುವೆ ಮನೆಗೆ ಹೋದ್ರೂ ಮೊದಲು ಚಾವಣಿ ನೋಡೋ ಮನುಷ್ಯ. ಆಫೀಸಿನವರು ಒಂದು ಪುಟ್ಟ ಕ್ಯಾಮೆರಾ ಕೊಟ್ಟಿದ್ರು, ಅಂಗಿ ಜೇಬಲ್ಲಿ ಹಿಡಿಯೋ ಅಂಥದ್ದು.

ಅದರ ಹಿಂದೆ ಒಂದು ದುಂಡು ಗುಂಡಿ. ಒತ್ತಿದ್ರೆ ಅಂಕೆಗಳ ಪಟ್ಟಿ ಬರುತ್ತೆ. ನೂರು, ಇನ್ನೂರು, ನಾನೂರು, ಎಂಟುನೂರು, ಸಾವಿರದಾರುನೂರು. ಅದೇ ಐಎಸ್‌ಒ. ಭಾವನೇ ನನಗೆ ಹೇಳಿಕೊಟ್ಟಿದ್ದು. "ರೇಡಿಯೋದಲ್ಲಿ ದೂರದ ಸ್ಟೇಷನ್ ಹಿಡಿದು ವಾಲ್ಯೂಮ್ ಏರಿಸಿದ್ರೆ ಏನಾಗುತ್ತೆ? ಮಾತೂ ಕೇಳುತ್ತೆ, ಗೊರಗೊರ ಅನ್ನೋದೂ ಏರುತ್ತೆ. ಇದೂ ಹಾಗೇ. ಕತ್ತಲಲ್ಲಿ ಅಂಕೆ ಏರಿಸಿದ್ರೆ ಕಾಣದ್ದೂ ಕಾಣುತ್ತೆ, ಆದ್ರೆ ಚಿತ್ರದ ತುಂಬ ಮರಳು."

ಆ ಮರಳು ಅವರ ದೊಡ್ಡ ಸಾಹೇಬರಿಗೆ ಆಗ್ತಿರಲಿಲ್ಲ. "ಏನ್ರೀ ಇದು, ಫೋಟೋ ತೆಗೆದಿದ್ದೀರೋ, ಮರಳು ಚೆಲ್ಲಿದ್ದೀರೋ? ನೂರರಲ್ಲೇ ಇಡಿ. ಫ್ಲ್ಯಾಶ್ ಹಾಕಿ ತೆಗೀರಿ. ನೀಟಾಗಿ ಬರಬೇಕು" ಅಂತ ಆರ್ಡರ್ ಮಾಡಿದ್ರು. ಫ್ಲ್ಯಾಶ್ ಬೆಳಕು ಗೋಡೆಗೆ ಎದುರಿಂದ ಹೊಡೆಯುತ್ತೆ. ಬಿರುಕು ಕಾಣೋದು ತನ್ನ ನೆರಳಿಂದ. ಎದುರಿಂದ ಬೆಳಕು ಬಿದ್ರೆ ನೆರಳೇ ಇರಲ್ಲ, ಗೋಡೆ ಹಾಲಿನ ಹಾಗೆ ಬರುತ್ತೆ. ಭಾವನಿಗೆ ಇದು ಗೊತ್ತಿತ್ತು. ಒಂದೆರಡು ಸಲ ವಾದ ಮಾಡಿದ್ರು. ಆಮೇಲೆ ಯಾರಿಗೆ ಬೇಕು ಈ ತಲೆನೋವು ಅಂತ ನೂರರಲ್ಲೇ ಇಟ್ಟು ಫ್ಲ್ಯಾಶ್ ಹಾಕೋಕೆ ಶುರು ಮಾಡಿದ್ರು.

ಒಂದು ಬೀದಿಯಲ್ಲಿ ಹಿಂದೆ ಮುಂದೆ ಎರಡು ಅವಳಿ ಕಟ್ಟಡ. ಒಬ್ಬನೇ ಮೇಸ್ತ್ರಿ ಕಟ್ಟಿದ್ದು. ಕೆಳಗೆ ಗೋದಾಮು, ಮೇಲೆ ಮೂರು ಮೂರು ಮಹಡಿ ಮನೆ. ಮುಂದಿನದರ ಮೆಟ್ಟಿಲ ಕೆಳಗೆ ಒಬ್ಬ ಮುದುಕ ಕೊಡೆ ರಿಪೇರಿ ಮಾಡ್ತಿದ್ದ. ಅಲ್ಲೇ ಕೆಲಸ, ಅಲ್ಲೇ ಹಾಸಿಗೆ. ಎಲ್ಲರಿಗೂ ಕೊಡೆ ತಾತ. ಭಾವ ತಪಾಸಣೆಗೆ ಹೋದ ದಿನ ಅವನು ಒಂದು ಕಡ್ಡಿಗೆ ತಂತಿ ಸುತ್ತುತ್ತಾ ಹೇಳಿದನಂತೆ.

"ಇಂಜಿನಿಯರ್ ಸಾಹೇಬ್ರೇ, ರಾತ್ರಿ ಮೇಲಿಂದ ಮಣ್ಣು ಉದುರುತ್ತೆ. ಕಣ್ಣಿಗೆ ಬೀಳುತ್ತೆ ಅಂತ ಕೊಡೆ ಬಿಚ್ಚಿ ಅದರಡಿ ಮಲಗ್ತೀನಿ."

"ನಾನು ಇಂಜಿನಿಯರ್ ಅಲ್ಲ ತಾತ."

"ಆಗ್ಲಿ ಬಿಡಿ. ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ ಅಂತಾರಲ್ಲ, ಆ ಅಲ್ಪ ನಾನೇ. ಐಶ್ವರ್ಯ ಒಂದು ಬರಬೇಕಷ್ಟೆ."

ಭಾವ ನಕ್ಕರು. ಕ್ಯಾಮೆರಾ ಎತ್ತಿ, ಫ್ಲ್ಯಾಶ್ ಹಾಕಿ, ನಾಲ್ಕು ಫೋಟೋ ತೆಗೆದ್ರು. ಹಿಂದಿನ ಕಟ್ಟಡದಲ್ಲೂ ನಾಲ್ಕು. ಎರಡಕ್ಕೂ ಒಂದೇ ವರದಿ. 'ದೋಷ ಕಂಡುಬಂದಿಲ್ಲ.'

ಹನ್ನೊಂದನೇ ದಿನ ಮುಂದಿನ ಕಟ್ಟಡದ ಮೆಟ್ಟಿಲು ಕುಸೀತು. ಮೇಲಿನ ಮನೆಯವರೆಲ್ಲ ಬದುಕಿಕೊಂಡ್ರು. ಕೆಳಗೆ ಮಲಗಿದ್ದವನು ಒಬ್ಬನೇ ಹೋದ.

ವಿಚಾರಣೆ ಆಯ್ತು. ದೊಡ್ಡ ಸಾಹೇಬರು ಭಾವ ತೆಗೆದ ಫೋಟೋನೇ ಮೇಜಿನ ಮೇಲಿಟ್ಟು ಎಲ್ಲರಿಗೂ ತೋರಿಸಿದ್ರಂತೆ. ಗೋಡೆ ಹಾಲಿನ ಹಾಗಿತ್ತು. ನೀರಿನ ಪೈಪು ಒಡೆದು ತಳಪಾಯ ಕೂತಿದೆ ಅಂತ ತೀರ್ಮಾನ ಆಯ್ತು. "ನಿಮ್ಮ ತಪ್ಪೇನೂ ಇಲ್ಲ, ಮನೆಗೆ ಹೋಗಿ" ಅಂದ್ರು. ಭಾವ "ಹೂಂ" ಅಂದು ಮನೆಗೆ ಬಂದ್ರು.

ಅಲ್ಲಿಂದ ಮನುಷ್ಯ ಮರಗಟ್ಟಿ ಹೋದ್ರು. ಅತ್ತಿದ್ದಿಲ್ಲ, ಕೂಗಿದ್ದಿಲ್ಲ. ಊಟಕ್ಕೆ ಬನ್ನಿ ಅಂದ್ರೆ ಬರೋರು, ಸಾಕಾ ಅಂದ್ರೆ ಸಾಕು ಅನ್ನೋರು. ಒಂದಿನ ಕುದಿಯೋ ನೀರು ಮುಂಗೈ ಮೇಲೆ ಬಿದ್ದು ಬೊಬ್ಬೆ ಎದ್ದಿತ್ತು. ಅಕ್ಕ ಕೈ ಹಿಡಿದು ತೋರಿಸೋವರೆಗೂ ಅವರಿಗೆ ಗೊತ್ತೇ ಇಲ್ಲ. ಕೆಲಸ ಮುಗಿದ ಮೇಲೂ ಆಫೀಸಲ್ಲೇ ಕೂತು ಕಡೇ ಬಸ್ಸಿಗೆ ಬರೋದು ಅಭ್ಯಾಸ ಆಯ್ತು. ಹೀಗೆ ಒಂದೂವರೆ ತಿಂಗಳು.

ಆಗ ಈ ಬಾವಿ ಹತ್ರದ ರಾತ್ರಿ.

ಜರ್ರ್... ಅಂತ ಮರಳು ಉದುರ್ತಾ ಇದೆ. ಕಣ್ಣಿಗೆ ಏನೂ ಕಾಣ್ತಿಲ್ಲ. ಭಾವ ಓಡಲಿಲ್ಲ. ಕಾಣದೇ ಇದ್ದಾಗ ಏನು ಮಾಡೋದು ಅವರ ಅಭ್ಯಾಸವೋ ಅದನ್ನೇ ಮಾಡಿದ್ರು. ಜೇಬಿಂದ ಕ್ಯಾಮೆರಾ ತೆಗೆದು ಬಾವಿಕಟ್ಟೆ ಮೇಲೆ ಅಲುಗಾಡದ ಹಾಗೆ ಇಟ್ಟರು. ಫ್ಲ್ಯಾಶ್ ಆರಿಸಿದ್ರು.

ನೂರು. ಪೀಪ್... ಚಿಕ್. ಬರೀ ಕಪ್ಪು.

ಇನ್ನೂರು. ಜಾಲರಿಯ ಅಂಚು ಮಾತ್ರ, ಉಗುರಲ್ಲಿ ಗೀರಿದ ಹಾಗೆ.

ನಾನೂರು. ಆಚೆ ಕಡೆ ಏನೋ ದುಂಡಗೆ.

ಎಂಟುನೂರು. ಬಿಚ್ಚಿದ ಕೊಡೆ.

ತಲೆ ಎತ್ತಿ ನೋಡಿದ್ರು. ಎದುರಿಗೆ ಖಾಲಿ ಕತ್ತಲು. ಮತ್ತೆ ಕ್ಯಾಮೆರಾ ನೋಡಿದ್ರು. ಕೊಡೆ ಇದೆ.

ಬೆರಳು ತಾನಾಗಿ ಗುಂಡಿ ಒತ್ತಿತು. ಸಾವಿರದಾರುನೂರು... ಪೀಪ್. ಚಿಕ್. ಚಿತ್ರದ ತುಂಬ ಮರಳು. ಆ ಮರಳಿನ ನಡುವೆ ಕೊಡೆ, ಅದರಡಿ ಮಂಡಿ ಮಡಚಿ ಕೂತ ಒಬ್ಬ ಮನುಷ್ಯ. ಮುಖ ಕೊಡೆ ನೆರಳಲ್ಲಿ. ಒಂದು ಕೈ ಮಾತ್ರ ಆಚೆ ಬಂದಿತ್ತು. ಮೇಲಕ್ಕೆ ತೋರಿಸ್ತಾ.

"ತಾತ..." ಅಂದ್ರಂತೆ ಭಾವ, ಪಿಸುದನಿಯಲ್ಲಿ.

ಮರಳು ಉದುರೋದು ನಿಂತಿತು.

ಮನೆಗೆ ಬಂದಾಗ ಪುಟ್ಟಿ ಮಲಗಿದ್ದಳು, ಅಕ್ಕನ ಮಗಳು, ಮೂರು ವರ್ಷ. ಅದಕ್ಕೇ ನಾವೆಲ್ಲ ಪಿಸುಗುಟ್ತಾ ಇದ್ವಿ. ಭಾವ ಚಪ್ಪಲಿ ಬಿಟ್ಟು, ಕೈ ತೊಳೆದು, ತಟ್ಟೆ ಮುಂದೆ ಕೂತು, "ಇದನ್ನ ನೋಡು" ಅಂತ ಕ್ಯಾಮೆರಾ ಅಕ್ಕನ ಕೈಗೆ ಕೊಟ್ಟರು. ಹೋದ ತಿಂಗಳ ವಿದ್ಯುತ್ ಬಿಲ್ ಕೊಟ್ಟ ಹಾಗೆ. ನಾನೂ ಬಗ್ಗಿ ನೋಡಿದೆ. ಅಕ್ಕ ಚಿತ್ರ ದೊಡ್ಡದು ಮಾಡೋ ಗುಂಡಿ ಒತ್ತಿ, ಒತ್ತಿ, ಮೂಲೆ ಮೂಲೆ ನೋಡಿದಳು.

"ರೀ... ಇದು ಬಾವಿ ಹತ್ರ ತೆಗೆದದ್ದಾ?"

"ಹೂಂ."

"ಬಾವಿ ಹಿಂದೆ ಮುಳ್ಳುಬೇಲಿ ಇರೋದು. ಇಲ್ಲಿ ಗೋಡೆ ಇದೆ ನೋಡಿ. ಸೊಂಟದವರೆಗೆ ನೀಲಿ ಬಣ್ಣ. ಮೆಟ್ಟಿಲಿದೆ."

ಭಾವ ಕೈಯಲ್ಲಿದ್ದ ತುತ್ತು ಕೆಳಗಿಟ್ಟು ನೋಡಿದ್ರು. ಕುಸಿದ ಕಟ್ಟಡದ ಗೋಡೆ ಹಸಿರು. ನೀಲಿ ಬಣ್ಣ ಹಿಂದಿನ ಕಟ್ಟಡದ್ದು. ಇನ್ನೂ ನಿಂತಿರೋದು. ಒಂಬತ್ತು ಮನೆ.

"ಅವತ್ತೇ ನೋಡಿದ್ದು ಅದನ್ನೂ" ಅಂದ್ರು. "ಫ್ಲ್ಯಾಶ್ ಹಾಕಿ." ತಟ್ಟೆ ಪಕ್ಕಕ್ಕೆ ಸರಿಸಿ, "ಬೆಳಗ್ಗೆ ಹೋಗ್ತೀನಿ" ಅಂದ್ರು.

"ಬೆಳಗ್ಗೆ ಅಲ್ಲ. ಈಗ."

"ಈಗ ಹೋಗಿ ಏನಂತ ಹೇಳಲಿ?"

"ಅದು ಹೋದ ಮೇಲೆ. ಏಳಿ, ನಾನೂ ಬರ್ತೀನಿ."

ಪುಟ್ಟಿಯನ್ನ ನನಗೆ ಒಪ್ಪಿಸಿ ಇಬ್ಬರೂ ನಡ್ಕೊಂಡೇ ಹೊರಟರು. ಅಲ್ಲಿ ಆದದ್ದನ್ನ ಅಕ್ಕ ಹೇಳಿದ್ದಳು, ಅವಳು ಹೇಳಿದ ಹಾಗೇ ಹೇಳ್ತೀನಿ.

ಮೆಟ್ಟಿಲ ಹತ್ರ ಬಲ್ಬು ಸುಟ್ಟು ಹೋಗಿತ್ತು. ಅಕ್ಕ ಕೆಳಗೆ ಬಾಗಿಲ ಹತ್ರ ನಿಂತಳು. ಭಾವ ಮೊದಲ ತಿರುವಿಗೆ ಹತ್ತಿ ಗೋಡೆ ಸವರಿದ್ರು. ನುಣ್ಣಗಿತ್ತು. ಮೊನ್ನೆ ಮೊನ್ನೆ ಬಳಿದ ಬಣ್ಣ. ಫ್ಲ್ಯಾಶ್ ಹಾಕಿ ಒಂದು ತೆಗೆದ್ರು. ಹಾಲು. ಫ್ಲ್ಯಾಶ್ ಆರಿಸಿದ್ರು. ಬೀದಿ ದೀಪದ ಬೆಳಕು ಒಂದು ಸಣ್ಣ ಕಿಂಡಿಯಿಂದ ಗೋಡೆಗೆ ಪಕ್ಕದಿಂದ ಬೀಳ್ತಾ ಇತ್ತು, ಇದೆಯೋ ಇಲ್ಲವೋ ಅನ್ನೋ ಹಾಗೆ. ನೂರರಲ್ಲಿ ಕಪ್ಪು. ನಾನೂರರಲ್ಲಿ ನೀಲಿ ಬಣ್ಣದ ಗೆರೆ. ಸಾವಿರದಾರುನೂರರಲ್ಲಿ... ತೊಲೆಯ ಮೂಲೆಯಿಂದ ತಿರುವಿನ ಅಂಚಿನವರೆಗೆ, ಓರೆಯಾಗಿ, ಉದ್ದಕ್ಕೆ ಒಂದು ಕೂದಲೆಳೆ ನೆರಳು.

ನೆಟ್ಟಗಿನ ಬಿರುಕು ಅಂದ್ರೆ ಗೋಡೆಗೆ ವಯಸ್ಸಾಯ್ತು ಅಂತ, ಓರೆ ಬಿರುಕು ಅಂದ್ರೆ ಗೋಡೆ ಹೊರಟು ನಿಂತಿದೆ ಅಂತ. ಭಾವ ಯಾವಾಗಲೂ ಹಾಗನ್ನೋರು. ಜೇಬಿಂದ ಬಸ್ ಟಿಕೆಟ್ ತೆಗೆದು, ಚಿತ್ರ ನೋಡ್ಕೊಂಡು ಅಂದಾಜಿನ ಮೇಲೆ, ಬಣ್ಣದ ಪೊರೆ ಉಗುರಲ್ಲಿ ಸೀಳಿ ಒಳಗೆ ತಳ್ಳಿದ್ರು. ಪೂರ್ತಿ ಹೋಯ್ತು. ಮತ್ತೆ ಕೈಗೆ ಸಿಗಲಿಲ್ಲ.

ಹೆಗಲ ಮೇಲೆ ಏನೋ ಬಿತ್ತು. ಜರ್ರ್...

ಕೆಳಗಿಳಿದು ಅಕ್ಕನ ಕಿವಿಯಲ್ಲಿ ಹೇಳಿದ್ರು. "ಕೂಗಬಾರದು. ಕೂಗಿದ್ರೆ ಎಲ್ಲ ಒಟ್ಟಿಗೆ ಓಡಿ ಬರ್ತಾರೆ. ಓಡಿದ್ರೆ ಬೀಳುತ್ತೆ. ಒಬ್ಬೊಬ್ಬರಾಗಿ ಇಳಿಸಬೇಕು. ನೀನು ಬೀದಿಯಲ್ಲಿ ಎಲ್ಲರನ್ನೂ ಆಚೆ ಬದಿಗೆ ಕಳಿಸು."

ಮತ್ತೆ ಹತ್ತಿದ್ರು. ಒಂದೊಂದೇ ಬಾಗಿಲು, ಬೆರಳ ಗೆಣ್ಣಲ್ಲಿ, ಟಕ್ ಟಕ್... ಟಕ್ ಟಕ್...

ಎರಡನೇ ಮಹಡಿಯಲ್ಲಿ ಒಬ್ಬ ಟ್ಯಾಕ್ಸಿ ಡ್ರೈವರ್ ಬಾಗಿಲ ಸಂದಿಯಿಂದ ಕೇಳಿದ, "ಯಾರು? ಕಳ್ಳರಾ?"

"ಅಲ್ಲ. ಪುರಸಭೆಯವರು."

"ಎರಡೂ ಒಂದೇ. ಏನು ಬೇಕು?"

"ಮೆಟ್ಟಿಲು ಕುಸಿಯುತ್ತೆ. ಮಕ್ಕಳನ್ನ ಎತ್ಕೊಳ್ಳಿ. ಚಪ್ಪಲಿ ಬೇಡ, ಬರಿಗಾಲಲ್ಲಿ ಬನ್ನಿ. ಗೋಡೆಗೆ ಒತ್ತಿಕೊಂಡು ಇಳೀರಿ. ಒಬ್ಬರು ಪೂರ್ತಿ ಇಳಿದ ಮೇಲೆ ಇನ್ನೊಬ್ಬರು."

ಅವನು ಭಾವನ ಮುಖ ನೋಡಿದ. ಆ ಮುಖದಲ್ಲಿ ಗಾಬರಿಯೂ ಇರಲಿಲ್ಲ, ಅವಸರವೂ ಇರಲಿಲ್ಲ. ಏನೂ ಇರಲಿಲ್ಲ. ಅದನ್ನ ನೋಡಿಯೇ ನಂಬಿದೆ ಅಂತ ಆಮೇಲೆ ಹೇಳಿದ. ಸುಳ್ಳು ಹೇಳೋಕೂ ಒಂದು ಮುಖ ಬೇಕಲ್ಲ.

ಭಾವ ಆ ತಿರುವಿನಲ್ಲೇ ನಿಂತಿದ್ರು, ಬಿರುಕಿಗೆ ಬೆನ್ನು ಕೊಟ್ಟು. ಇಳಿಯೋವರ ಮೊಣಕೈ ಹಿಡಿದು ಒಂದೊಂದೇ ಮೆಟ್ಟಿಲು ದಾಟಿಸಿದ್ರು. ಕಾಲಡಿಯಲ್ಲಿ ಕಲ್ಲು ಮೆಲ್ಲಗೆ ಕಿರ್... ಅಂತಿತ್ತಂತೆ, ಹಳೇ ಮಂಚದ ಹಾಗೆ. ಕಡೆಗೆ ಬಂದವರು ಮೇಲಿನ ಮಹಡಿಯ ರಿಟೈರ್ಡ್ ಟೀಚರಮ್ಮ, ಎಂಬತ್ತರ ಹತ್ತಿರ. ತಿರುವಿಗೆ ಬಂದು ನಿಂತೇಬಿಟ್ಟರು.

"ನಿಮಗೆ ಈ ಹೊತ್ತಲ್ಲಿ ಹೇಳಿ ಕಳಿಸಿದ್ದು ಯಾರಪ್ಪಾ?"

ಭಾವ ಅವರ ಮೊಣಕೈ ಹಿಡಿದ್ರು.

"ಮುಂದಿನ ಕಟ್ಟಡದ ಕೊಡೆ ತಾತ."

"ಅವರು ತೀರಿಕೊಂಡ್ರಲ್ಲ..."

"ಹೂಂ. ಗೊತ್ತು. ಈ ಕಡೆ ಕಾಲಿಡಿ. ನಿಧಾನ."

ಟೀಚರಮ್ಮ ಗೋಡೆ ಹಿಡ್ಕೊಂಡು ಕಾಲಿಟ್ಟರು. ಇಳಿದ್ರು.

ಮೂವತ್ತೊಂದು ಜನ ಬೀದಿಯ ಆಚೆ ಬದಿಯಲ್ಲಿ ನಿಂತಿದ್ರು. ಕೆಲವರು ಗೊಣಗ್ತಾ ಇದ್ರು, ನಿದ್ದೆ ಕೆಡಿಸಿದ ಅಂತ. ಇಬ್ಬರು ವಾಪಸ್ ಹೋಗ್ತೀವಿ ಅಂತ ಹೊರಟೂ ಬಿಟ್ಟಿದ್ರು. ಅಕ್ಕ ಬಾಗಿಲಿಗೆ ಅಡ್ಡ ನಿಂತು, "ನನ್ನನ್ನ ತಳ್ಳಿಕೊಂಡು ಹೋಗಿ" ಅಂದಳು. ಯಾರೂ ಹೋಗಲಿಲ್ಲ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಒಳಗಿಂದ ಟಕ್ ಅಂತ ಒಂದೇ ಒಂದು ಸದ್ದು... ಒಣ ಕಡ್ಡಿ ಮುರಿದ ಹಾಗೆ. ಆಮೇಲೆ ಮೂಟೆ ಬಾಯಿ ಬಿಚ್ಚಿ ಧಾನ್ಯ ಸುರಿದ ಹಾಗೆ, ಉದ್ದಕ್ಕೆ. ಆಮೇಲೆ ಧೂಳು. ಒಂದು ಕೂಸು ಅಳೋಕೆ ಶುರು ಮಾಡ್ತು.

ಭಾವ ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತು ಕ್ಯಾಮೆರಾದ ಮೇಲಿನ ಧೂಳು ಒರೆಸ್ತಾ ಇದ್ರು.

ಆ ದಿನವೇ ಆಫೀಸಿಗೆ ಹೋಗಿ ದೊಡ್ಡ ಸಾಹೇಬರ ಮುಂದೆ ಎರಡು ಫೋಟೋ ಇಟ್ಟರಂತೆ. ಒಂದೇ ಗೋಡೆ. ಒಂದು ಹಾಲು, ಒಂದು ಬಿರುಕು.

"ಮುಂದಿನ ಕಟ್ಟಡದ ಫೋಟೋನೂ ಹೀಗೇ ಸರ್. ತಾತ ಬಾಯಿಬಿಟ್ಟು ಹೇಳಿದ್ದ. ನಾನು ಅಂಕೆ ಏರಿಸಲಿಲ್ಲ."

"ಈಗ ಯಾಕ್ರೀ ಅದೆಲ್ಲ? ಮೂವತ್ತೊಂದು ಜನರನ್ನ ಉಳಿಸಿದ್ದೀರಿ. ಸುಮ್ಮನೆ ಇರಿ, ಪೇಪರಲ್ಲಿ ಹೆಸರು ಬರುತ್ತೆ."

ಭಾವ ಅಲ್ಲೇ ಕೂತು ಒಂದು ಹಾಳೆಯಲ್ಲಿ ಎಲ್ಲಾ ಬರೆದು ಸಹಿ ಮಾಡಿ ಕೊಟ್ಟರು. ಆರು ತಿಂಗಳು ಸಸ್ಪೆಂಡ್. ಆಮೇಲೆ ಜನನ ಮರಣ ನೋಂದಣಿ ಕಿಟಕಿಗೆ ಹಾಕಿದ್ರು, ಈಗಲೂ ಅಲ್ಲೇ ಇದ್ದಾರೆ. ಸಾಹೇಬರು ಮಾತ್ರ ಬಡ್ತಿ ಆಗಿ ಹೋದ್ರು. ಆದ್ರೆ ಆವತ್ತಿಂದ ಆ ಆಫೀಸಿನಲ್ಲಿ ಮರಳು ಚೆಲ್ಲಿದ ಫೋಟೋನೂ ತಗೋತಾರೆ.

ಕೊಡೆ ತಾತನಿಗೆ ಒಬ್ಬಳು ಮಗಳಿದ್ದಳು, ಬೇರೆ ಬಡಾವಣೆಯಲ್ಲಿ. ಭಾವ ಅವಳ ಮನೆಗೂ ಹೋಗಿ ಬಾಗಿಲಲ್ಲಿ ನಿಂತು ಹೇಳಿದ್ರು, ನಾನೇ ನೋಡಿದ್ದೆ, ನಾನೇ ದೋಷ ಇಲ್ಲ ಅಂತ ಬರೆದೆ ಅಂತ. ಅವಳು ಕೊನೆವರೆಗೂ ಕೇಳಿದಳು. ಬೈಯಲಿಲ್ಲ. ಬಾಗಿಲು ಮೆಲ್ಲಗೆ ಹಾಕಿಕೊಂಡಳು. "ಬೈದಿದ್ರೆ ಏನಾದ್ರೂ ಅನ್ನಿಸ್ತಿತ್ತೇನೋ" ಅಂದ್ರು ಭಾವ. ಅವರ ಮರಗಟ್ಟಿದ ಮನಸ್ಸು ಪೂರ್ತಿ ಬಿಟ್ಟಿತು ಅಂತ ನಾನು ಹೇಳಲ್ಲ. ಈಗ ಪುಟ್ಟಿ ಕರೆದ್ರೆ ಮೊದಲ ಸಲಕ್ಕೇ ತಿರುಗಿ ನೋಡ್ತಾರೆ, ಅಷ್ಟೇ. ಬಾವಿ ಹತ್ರ ತೆಗೆದ ಐದು ಫೋಟೋ ಆಫೀಸಿಗೆ ಕೊಡಲಿಲ್ಲ. ಅಕ್ಕನ ಹತ್ರ ಇವೆ. ಕೇಳಿದ್ರೆ ತೋರಿಸ್ತಾಳೆ, ಆದ್ರೆ ಹಗಲು ಹೊತ್ತಲ್ಲಿ.

ಒಂದು ಮಾತು ಬಿಟ್ಟೆ.

ಆ ಬೆಳಗ್ಗೆ ಬೆಳಕು ಹರಿಯೋ ಹೊತ್ತಿಗೆ ನಾನು ಪುಟ್ಟಿಯನ್ನ ಸೊಂಟದ ಮೇಲೆ ಕೂರಿಸ್ಕೊಂಡು ಅಲ್ಲಿಗೆ ಹೋದೆ. ಕಟ್ಟಡದ ಬಾಗಿಲಿಂದ ಒಳಗೆ ನೋಡಿದ್ರೆ ಬರೀ ಕಲ್ಲುಮಣ್ಣಿನ ಗುಡ್ಡೆ. ಮೆಟ್ಟಿಲೇ ಇಲ್ಲ. ಮೇಲಕ್ಕೆ ಬೆಕ್ಕೂ ಹತ್ತೋ ಹಾಗಿರಲಿಲ್ಲ. ಅಗ್ನಿಶಾಮಕದವರು ಇನ್ನೂ ಬಂದಿರಲಿಲ್ಲ, ಏಣಿ ಬಂದದ್ದು ಮಧ್ಯಾಹ್ನ. ಇಡೀ ಬೀದಿ ಧೂಳಿಗೆ ಬೆಳ್ಳಗಾಗಿತ್ತು. ಎಲೆ, ಸೈಕಲ್ಲು, ಜನರ ಕೂದಲು, ಎಲ್ಲ. ಆ ಜನರ ಹಿಂದೆ, ಎದುರು ಮನೆಯ ಕಾಂಪೌಂಡ್ ಗೋಡೆ ಬುಡದಲ್ಲಿ ಚಪ್ಪಲಿಗಳಿದ್ದವು. ಸಾಲಾಗಿ. ಜೊತೆ ಜೊತೆಯಾಗಿ. ಮನೆ ಮನೆಗೆ ಬೇರೆ ಬೇರೆ ಗುಂಪು ಮಾಡಿ ಇಟ್ಟಿತ್ತು, ದೊಡ್ಡವರದು ಹಿಂದೆ, ಮಕ್ಕಳದು ಮುಂದೆ. ಯಾರೂ ತಂದಿರಲಿಲ್ಲ. ಎಲ್ಲರೂ ಬರಿಗಾಲಲ್ಲಿ ಇಳಿದವರು, ಎಲ್ಲರದೂ ಮೇಲೆ ಬಾಗಿಲ ಹತ್ರವೇ ಉಳಿದಿತ್ತು. ಟೀಚರಮ್ಮ ಹೋಗಿ ತಮ್ಮದನ್ನ ಮೆಟ್ಟಿಕೊಂಡ್ರು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಒಂದೂ ಅದಲು ಬದಲಾಗಿರಲಿಲ್ಲ.

ನಾನೇ ಎಣಿಸಿದ್ದೀನಿ. ಇಪ್ಪತ್ತೆಂಟು ಜೊತೆ. ಮೂರು ಕೈಗೂಸು, ಅವಕ್ಕೆ ಚಪ್ಪಲಿ ಇರಲಿಲ್ಲ. ನಂಬೋದು ಬಿಡೋದು ನಿಮಗೆ ಸೇರಿದ್ದು. ಬಗ್ಗಿ ಒಂದು ಜೊತೆ ಮುಟ್ಟಿಯೂ ನೋಡಿದೆ, ಕೊಡೆಯಡಿ ಇಟ್ಟು ಕಾಯ್ದ ಹಾಗಿತ್ತು.

ಧೂಳಿರಲಿಲ್ಲ.